ಇತಿಹಾಸಪುರುಷರ ಕ್ರೀಡಾಪುನರ್ಭವ: ಒಂದು ಬಹುನೆಲೆಯ ಅನುಸಂಧಾನ

ಪ್ರಾಚೀನ ಚೀನಾದ ರಾಜರೂ ಮಂತ್ರಿಗಳೂ ಕೊಲೆಗಡುಕರೂ ವಿಡಿಯೊ ಗೇಮ್‌ಗಳಲ್ಲಿ ಮರಳಿ ಹುಟ್ಟುತ್ತಿರುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು 'ಕ್ರೀಡಾಪುನರ್ಭವ' ಎಂದು ಹೆಸರಿಸುತ್ತದೆ. ಕ್ರೀಡಾಪುನರ್ಭವವೆಂದರೆ, ಸತ್ತು ಎರಡು ಸಾವಿರ ವರ್ಷವಾದವನೊಬ್ಬ ಪಠ್ಯ, ಪರದೆ, ಹೆಬ್ಬೆರಳುಗಳ ತ್ರಿಕೋನ ಮುಖಾಮುಖಿಯಲ್ಲಿ ಬಹುನೆಲೆಯ ಸಂಕಥನವಾಗಿ ಮೈದಾಳುವ ಪ್ರಕ್ರಿಯೆ. ಇಲ್ಲಿ ಸಂಕಥನವೆಂದರೆ ಮಾತು, ಮುಖಾಮುಖಿಯೆಂದರೆ ಭೇಟಿ, ನೆಲೆಯೆಂದರೆ ಏನೆಂಬ ಗುಟ್ಟನ್ನು ಕನ್ನಡದ ವಿಚಾರ ಸಂಕಿರಣಗಳು ಈವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಈ ಪುನರ್ಭವಕ್ಕೆ ಏಳು ನೆಲೆಗಳಿವೆ.

ಮೊದಲನೆಯದು ಪ್ರಭಾಪ್ರಸರಣ ನೆಲೆ, ಅಂದರೆ ಮೈಯಿಂದಲೋ ಕೈಯಿಂದಲೋ ಬೆಳಕು ಹೊರಡುವುದು. ಶು ರಾಜ್ಯದ ಮಂತ್ರಿ ಝೂಗೆ ಲಿಯಾಂಗ್ ಕ್ರಿ.ಶ. 234ರಲ್ಲಿ ದಂಡಿನ ಬಿಡಾರದಲ್ಲೇ ತೀರಿಕೊಂಡ. ಅವನ ಚರಿತ್ರೆ ಬರೆದ ಛೆನ್ ಶೌ ಅವನ ಆಡಳಿತವನ್ನು ಬಾಯ್ತುಂಬ ಹೊಗಳಿ, ಯುದ್ಧತಂತ್ರ ಮಾತ್ರ ಅವನ ಬಲವಾಗಿರಲಿಲ್ಲವೆಂದು ಮೆಲ್ಲಗೆ ಸೇರಿಸಿದ. ಮುಂದೆ ಹದಿನಾಲ್ಕನೆಯ ಶತಮಾನದ ಕಾದಂಬರಿಯೊಂದು ಅವನನ್ನು ಗಾಳಿ ತರಿಸುವ ಮಾಂತ್ರಿಕನನ್ನಾಗಿಸಿತು, ಜಪಾನಿನ ಕೋಯೀ ಕಂಪನಿಯ 'ಡೈನಾಸ್ಟಿ ವಾರಿಯರ್ಸ್' ಆಟಗಳಲ್ಲಂತೂ ಅವನ ಗರಿಯ ಬೀಸಣಿಗೆಯಿಂದಲೇ ಕಿರಣ ಹೊಮ್ಮಿ ಸೈನಿಕರು ಹಿಂಡುಹಿಂಡಾಗಿ ಉರುಳುತ್ತಾರೆ.

ಎರಡನೆಯದು ನಾಮಲಿಂಗಾಂತರಣ ನೆಲೆ. ಕ್ರಿ.ಪೂ. 227ರಲ್ಲಿ ಛಿನ್ ರಾಜನನ್ನು ಇರಿಯಲು ಹೋಗಿ ತಾನೇ ಸತ್ತ ಜಿಂಗ್ ಕೆ ಎಂಬ ಗಂಡಸು 'ಆನರ್ ಆಫ್ ಕಿಂಗ್ಸ್' ಎಂಬ ಮೊಬೈಲ್ ಗೇಮಿನಲ್ಲಿ ಹೆಂಗಸಾದ. 2017ರಲ್ಲಿ ಚೀನಾದ ಸರ್ಕಾರಿ ಪತ್ರಿಕೆ ಇದನ್ನು ಆಕ್ಷೇಪಿಸಿದ ಮೇಲೆ ಕಂಪನಿಯವರು ಹೆಂಗಸನ್ನು ಉಳಿಸಿಕೊಂಡು ಹೆಸರನ್ನು 'ಅ ಕೆ' ಎಂದು ಬದಲಿಸಿದರು.

ಮೂರನೆಯದು ದ್ವಿಮುಖ ನೆಲೆ, ಇದು ಚೀನಾದಿಂದ ನೇರವಾಗಿ ಕೊಂಡ್ಲಹಳ್ಳಿಯ ಸೀಮೆಗೆ ಬರುತ್ತದೆ. 2025ರಲ್ಲಿ ಬಂದ 'ಸಿವಿಲೈಸೇಶನ್ 7' ಗೇಮಿನಲ್ಲಿ ಅಶೋಕನು ಇಬ್ಬರಾಗಿದ್ದಾನೆ: ಒಬ್ಬ ಜಗವನ್ನು ಗೆದ್ದವನು, ಇನ್ನೊಬ್ಬ ಜಗವನ್ನು ತೊರೆದವನು. ಆದರೆ ಕೊಂಡ್ಲಹಳ್ಳಿಯಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲೇ, ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಬಂಡೆಯ ಮೇಲೆ ಗೆದ್ದವನೂ ಇಲ್ಲ, ತೊರೆದವನೂ ಇಲ್ಲ, ಅಶೋಕನೆಂಬ ಹೆಸರೂ ಇಲ್ಲ. 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದೆ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ, ಎಂದರೆ ದೊಡ್ಡ ಅಧಿಕಾರಿಗಳೂ, ಇಸಿಲವೆಂಬ ಊರಿನ ಮಹಾಮಾತ್ರರಿಗೆ ಆರೋಗ್ಯ ಕೋರಿ ರಾಜನ ಮಾತನ್ನು ಮುಟ್ಟಿಸುತ್ತಾರೆ. ಅಪ್ಪ ಅಮ್ಮನ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿಡಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಅದರಲ್ಲಿನ ಮಾತು. ಒಟ್ಟಿನಲ್ಲಿ ಅದೊಂದು ಸುತ್ತೋಲೆ, ಮತ್ತು ಇದಾವುದಕ್ಕೂ ಗೇಮಿನಲ್ಲಿ ಪಾಯಿಂಟ್ ಬೀಳುವುದಿಲ್ಲ.

ಉಳಿದ ನಾಲ್ಕು ನೆಲೆಗಳನ್ನು ಸಮಯಾಭಾವದಿಂದಲೂ, ಊಟಕ್ಕೆ ಎಲೆ ಹಾಕಿರುವುದರಿಂದಲೂ ಕೈಬಿಡಲಾಗಿದೆ.

ಯಾವ ನೆಲೆಗೂ ಒಗ್ಗದ ಸಂಗತಿಯೊಂದು ಮಾತ್ರ ಉಳಿಯುತ್ತದೆ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಗ್ಗೂಡಿಸಿದ ಛಿನ್ ಶೀ ಹ್ವಾಂಗ್ 2016ರ 'ಸಿವಿಲೈಸೇಶನ್ 6'ರಲ್ಲಿಯೂ ಚಕ್ರವರ್ತಿಯೇ. ಅಲ್ಲಿ ಕಟ್ಟುವ ಕೂಲಿಯಾಳಿಗೆ ಸಾಮಾನ್ಯವಾಗಿ ಮೂರು 'ಚಾರ್ಜ್', ಎಂದರೆ ಮೂರು ಸಲ ದುಡಿಯುವ ಕಸುವು, ಛಿನ್‌ನ ಆಳಿಗೆ ಇನ್ನೊಂದು ಹೆಚ್ಚು, ಅದು ಮುಗಿದ ಕ್ಷಣ ಆಳು ಪರದೆಯಿಂದ ಮಾಯ. ಬೇವಿನ ಕಟ್ಟೆಯ ಮೇಲೆ ಗೆಳೆಯನ ಮೊಬೈಲಿಗೆ ಕತ್ತು ಚಾಚಿ ಕೂತ ಹುಡುಗ, ಎಂದರೆ ಪ್ರಾಥಮಿಕ ಆಕರ, "ಆ ವಯ್ಯ ಎಲ್ಲೋದ್ನಲಾ?" ಎಂದರೆ, ಆಡುವವನು ತಲೆಯೆತ್ತದೆ, "ಚಾರ್ಜ್ ಮುಗೀತು, ಹೋದ" ಎನ್ನುತ್ತಾನೆ.

ಹೋದದ್ದೆಲ್ಲಿಗೆ? ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲ ಒಣಗಲು ಬಿಟ್ಟು ಬೆಂಗಳೂರಿಗೆ ಗುಳೆ ಹೋದವರು, ಕಟ್ಟಡದ ಗಾರೆ ಆರುವ ಮೊದಲೇ ತಗಡಿನ ಷೆಡ್ ಬಿಚ್ಚಿ ಪಾತ್ರೆಗಂಟು ಹೊತ್ತು ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಗೇಮ್ ಮಾಡಿದವರು ಕನಿಷ್ಠ ಇದನ್ನು ಆಟವೆಂದು ಒಪ್ಪಿಕೊಂಡಿದ್ದಾರೆ, ಸಂಕಿರಣದವರು ಅದೇ ಜನಕ್ಕೆ 'ಅಂಚಿನ ಸಮುದಾಯ' ಎಂದು ಹೆಸರಿಟ್ಟು, ಟಿ.ಎ., ಡಿ.ಎ. ಬರೆಸಿ ಎದ್ದು ಹೋಗುತ್ತಾರೆ. ಅಂಚೆಂದರೆ ಸೀರೆಗೆ ಇರುವುದು ಎಂದು ಬಲ್ಲ ಮೊಳಕಾಲ್ಮೂರಿನ ನೇಕಾರ, ಆ ಅಂಚನ್ನು ಎಳೆ ಎಳೆಯಾಗಿ ಕೂಡಿಸಿ ನೇಯುವವನು, ತಾನೇ ಅಂಚಾದದ್ದು ಯಾವಾಗ ಎಂಬುದಕ್ಕೆ ಯಾವ ಅನುಸಂಧಾನವೂ ಉತ್ತರ ಕೊಟ್ಟಿಲ್ಲ.

ಛಿನ್ ಶೀ ಹ್ವಾಂಗ್ ಕ್ರಿ.ಪೂ. 219ರಿಂದ ಬೆಟ್ಟಬೆಟ್ಟಗಳ ಮೇಲೆ ಕಲ್ಲು ನಿಲ್ಲಿಸಿ ತನ್ನ ಹೊಗಳಿಕೆಯನ್ನು ಕೆತ್ತಿಸಿದ. ಬ್ರಹ್ಮಗಿರಿಯ ಸುತ್ತೋಲೆಯ ಕೊನೆಯಲ್ಲಾದರೋ ಬರೆದವನು ಚಪಡನೆಂದಿದೆ. ಮೇಲಿನದನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದವನು, ಲಿಪಿಕಾರನೆಂಬ ತನ್ನ ಕಸುಬಿನ ಮಾತೊಂದನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಈ ಸೀಮೆಯಲ್ಲಿ ಓದಬಲ್ಲವರು ಎಷ್ಟು ಮಂದಿ ಇದ್ದರೋ ಎಂದು ನೋಡದೆ, ಬರೆದಿಟ್ಟಿದ್ದಾನೆ.