ರೊಟ್ಟಿ ಮೀಮಾಂಸೆ: ಸಿರಿ ಬಂದಾಗ ಬುತ್ತಿ ಎಲ್ಲಿಗೆ ಹೋಗುತ್ತದೆ?

ಸಿರಿತನ ಮೂರು ತಲೆಮಾರು ದಾಟದು ಎಂಬ ಗಾದೆ ಚೀನಾದಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ದುಡ್ಡು ಬಂದಂತೆ ಮನೆತನದ ಪದ್ಧತಿ ಸವೆಯುವುದನ್ನು ಪಂಡಿತರು ಅಳೆದು ತೂಗುತ್ತಾರಂತೆ. ಪಾಪ, ಅವರಿಗೆ ಚೊಳಚಗುಡ್ಡದ ದಾರಿ ಗೊತ್ತಿಲ್ಲ. ಬಾದಾಮಿಯಿಂದ ಐದು ಕಿ.ಮೀ. ಬಂದು ಬನಶಂಕರಿ ಗುಡಿಯ ಮುಂದೆ ನಿಂತರೆ ಆ ಇಡೀ ಶಾಸ್ತ್ರ ಒಂದು ಬುಟ್ಟಿಯೊಳಗೆ ಬಟ್ಟೆ ಹೊದ್ದು ಕುಳಿತಿರುತ್ತದೆ.

ಮೊದಲು ಪೂರ್ವಪಕ್ಷ: ‘ರೊಕ್ಕ ಬಂತು, ಪದ್ಧತಿ ಹೋತು’ ಎನ್ನುವವರದು. ಹೋದದ್ದು ಎಲ್ಲಿಗೆ ಎಂದು ಇವರು ಕೇಳುವುದೇ ಇಲ್ಲ. ನಮ್ಮ ಸಿದ್ಧಾಂತವಿಷ್ಟು: ಮನೆಯಲ್ಲಿ ರೊಕ್ಕ ಏರಿದಷ್ಟೂ ಪದ್ಧತಿಯು ಅಡುಗೆಮನೆಯಿಂದ ಹೊರಬಿದ್ದು, ಮೈಮೇಲೆ ದರ ಬರೆಸಿಕೊಂಡು, ಅದೇ ಮನೆಯವರಿಗೆ ಮಾರಾಟಕ್ಕೆ ಕೂರುತ್ತದೆ.

ಪ್ರಮಾಣಕ್ಕೆ ಅಜ್ಜನಿಂದ ಹೊರಡೋಣ. ಬನದ ಹುಣ್ಣಿಮೆಯ ತೇರಿಗೆ ಆತ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ. ಅಜ್ಜಿಯ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ಹರಿದ್ರಾತೀರ್ಥದ ದಂಡೆಯ ಕಲ್ಲುಮಂಟಪದಲ್ಲಿ ಊಟ, ರಾತ್ರಿಯಿಡೀ ಕಂಪನಿ ನಾಟಕ. ರೊಕ್ಕ ಉಳಿದಿದ್ದರೆ ಒಂದು ಕಟ್ಟಿಗೆ ಬಾಗಿಲು, ಚೌಕಟ್ಟು ಸಮೇತ. ಬಾಗಿಲು ಮೊದಲು, ಮನೆ ಆಮೇಲೆ ಎಂಬ ವಾಸ್ತುಪಂಥ ಈ ಜಾತ್ರೆಯದೇ. ಈಗಿನ ಗುಡಿಯನ್ನು 1750ರಲ್ಲಿ ಕಟ್ಟಿಸಿದ ಪರಶುರಾಮ ಅಗಳೆಯವರು ಅಂದಿನ ರೊಟ್ಟಿ ದರವನ್ನೂ ಕೆತ್ತಿಸಿಡಬಹುದಿತ್ತು; ಸಂಶೋಧನೆಗೆ ಅಷ್ಟರಮಟ್ಟಿಗೆ ನಷ್ಟ.

ಅಪ್ಪನ ಕಾಲಕ್ಕೆ ರೊಕ್ಕ ಬಂತು. ಒಬ್ಬರಿಗೆ ಇಳಕಲ್ಲಿನ ಕೆಂಪು ಗ್ರಾನೈಟಿನಿಂದ, ಇನ್ನೊಬ್ಬರಿಗೆ ಹೊಳೆಸಾಲಿನ ಕಬ್ಬಿನಿಂದ, ಮತ್ತೊಬ್ಬರಿಗೆ ಆಲಮಟ್ಟಿ ಹಿನ್ನೀರು ನುಂಗಿದ ಹೊಲದ ಪರಿಹಾರದಿಂದ. (ಮುಳುಗಿದವರ ಸಂಕಟಕ್ಕೆ ಅಣಕು ಸಲ್ಲದು, ಅದನ್ನು ಇಲ್ಲಿಗೆ ಬಿಟ್ಟೆ.) ಜೀಪು ಬಂತು. ಜೀಪಿನಲ್ಲಿ ಬುತ್ತಿಗಂಟು ಶೋಭಿಸದೆಂದು ಖಾನಾವಳಿ ಬಂತು. ಅಜ್ಜಿ ಹೊಲಕ್ಕೂ ಉಟ್ಟು ಹೋಗುತ್ತಿದ್ದ ಟೋಪ ತೆನಿ ಸೆರಗಿನ ಇಳಕಲ್ ಸೀರೆಗೆ ಸರಕಾರ ಭೌಗೋಳಿಕ ಗುರುತು ಕೊಡುವ ಹೊತ್ತಿಗೆ ಮನೆಯವರಿಗೇ ಅದರ ಗುರುತು ಹತ್ತದಾಗಿತ್ತು.

ಮೂರನೆಯವನು ಬೆಂಗಳೂರಿನಿಂದ ಕಾರಿನಲ್ಲಿ ಬರುವ ಮೊಮ್ಮಗ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡ ಹೆಣ್ಣುಮಗಳ ಎದುರು ಚಕ್ಕಳಮಕ್ಕಳ ಕೂತು ಕಡಕ್ ರೊಟ್ಟಿ, ಹೆಸರುಕಾಳ ಪಲ್ಯ, ಕೆಂಪು ಖಾರ, ಗಟ್ಟಿ ಮೊಸರು ಉಂಡು, ‘ಅಜ್ಜಿ ಕೈರುಚಿ’ ಎಂದು ವಿಡಿಯೋ ಮಾಡುತ್ತಾನೆ. ಆತನ ಅಸಲು ಅಜ್ಜಿ ಕಾರಿನ ಎ.ಸಿ.ಯಲ್ಲಿ ಬಿಸ್ಕೀಟು ತಿನ್ನುತ್ತಿರುತ್ತಾಳೆ. ಕೆಳಗಿಳಿಯಲು ಕರೆದರೆ, “ಹೋಗೋ ತಮ್ಮಾ, ಹೊತ್ತು ಮುಳುಗೂ ತನಕ ಬಡದ ಕೈ ಇದು. ರೊಟ್ಟಿ ನೋಡಿದ್ರ ರಟ್ಟಿ ನೋಯ್ತಾವು.” ಈ ಸಾಕ್ಷ್ಯ ಸಿದ್ಧಾಂತಕ್ಕೆ ಹೊಂದದ ಕಾರಣ ಕೈಬಿಡಲಾಗಿದೆ.

ಉಳಿದ ಭರವಸೆ ಬುಟ್ಟಿಯವಳು. ಮೂಲ ಪದ್ಧತಿ ಅವಳ ಮನೆಯಲ್ಲಾದರೂ ಶುದ್ಧವಾಗಿ ಉಳಿದಿರಬೇಕೆಂದು, “ರಾತ್ರಿ ಊಟಕ್ಕ ಏನ್ ಮಾಡ್ತೀರಿ ಯವ್ವಾ?” ಎಂದು ಶಾಸ್ತ್ರೋಕ್ತವಾಗಿ ಕೇಳಲಾಯಿತು.

“ನಸಿಕಿನ್ಯಾಗ ಎದ್ದು ಇಷ್ಟ ಬಡದ ಮ್ಯಾಲ ಮತ್ತ ರೊಟ್ಟಿ ಏನ್ರೀ? ರೇಶನ್ ಅಕ್ಕಿ ಅದಾವು, ಅನ್ನ ಇಟ್ಟಬಿಡ್ತೀವಿ. ಬರಕೊಳ್ಳೂದು ಆತಿಲ್ಲೋ? ಇನ್ನೆರಡು ರೊಟ್ಟಿ ಉಳದಾವು, ನೀವ ಒಯ್ಯಿರಿ.”