ಒಂದೇ ಒಂದು ಒಬ್ಬಟ್ಟು: ಶಸ್ತ್ರೋತ್ತರ ಉದರಮೀಮಾಂಸೆಗೊಂದು ಪ್ರವೇಶಿಕೆ

ಪ್ರಸ್ತುತ ಅಧ್ಯಯನವು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ತರುವಾಯ ಜಠರದ ಗಾತ್ರ ಕುಗ್ಗಿದ, ಆದರೆ ಬಂಧುಬಳಗದ ಗಾತ್ರ ಕಿಂಚಿತ್ತೂ ಕುಗ್ಗದ ವ್ಯಕ್ತಿಗಳ ಪಥ್ಯನಿಷ್ಠೆಯನ್ನು ಸಾಂಸ್ಕೃತಿಕ, ತಾತ್ವಿಕ ಹಾಗೂ ಪಾಕಶಾಸ್ತ್ರೀಯ ನೆಲೆಗಳಲ್ಲಿ ಅನುಸಂಧಾನಿಸುವ ವಿನಮ್ರ ಪ್ರಯತ್ನವಾಗಿದೆ. ಸದರಿ ವ್ಯಕ್ತಿಗಳನ್ನು ಇನ್ನು ಮುಂದೆ ‘ಶಸ್ತ್ರೋತ್ತರ ಉದರಸಂಕುಚಿತ ವ್ಯಕ್ತಿ’, ಸಂಕ್ಷಿಪ್ತವಾಗಿ ‘ಶ.ಉ.ವ್ಯ.’ ಎಂದು ಕರೆಯಲಾಗುವುದು. ಅಧ್ಯಯನದ ವ್ಯಾಪ್ತಿ: ಹಳೇ ಮೈಸೂರು ಸೀಮೆಯ ಮದುವೆ ಛತ್ರಗಳ ಊಟದ ಹಾಲ್. ಅಧ್ಯಯನದ ಮಿತಿ: ಮುಂದಿನ ಪಂಕ್ತಿಯವರು ಬೆನ್ನ ಹಿಂದೆಯೇ ಕುರ್ಚಿ ಹಿಡಿದು ನಿಂತಿರುವುದರಿಂದ ಹೆಚ್ಚು ಹೊತ್ತು ಕೂತು ಅಧ್ಯಯನ ಮಾಡಲಾಗದು.

ಪೂರ್ವಸೂರಿಗಳ ಸ್ಮರಣೆಯಿಲ್ಲದ ಪ್ರಬಂಧಕ್ಕೆ ಮಾನ್ಯತೆ ಸಿಗುವುದಿಲ್ಲ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಜಾಗ ಕೊಟ್ಟ. ಹದಿನಾರನೆಯ ಶತಮಾನದ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಒಗ್ಗರಣೆ ಹಾಕಿ ಬಡಿಸಿದ. ಹೇಗೆ ಬೇಯಿಸಬೇಕು, ಹೇಗೆ ಕರಿಯಬೇಕು ಎಂಬುದಕ್ಕೆ ಕನ್ನಡದಲ್ಲಿ ಸಾವಿರ ವರ್ಷದ ಪರಂಪರೆ ಇದೆ. ಬಡಿಸುವವನ ಸೌಟನ್ನು ಹೇಗೆ ತಡೆಯಬೇಕು ಎಂಬ ಶಾಸ್ತ್ರ ಮಾತ್ರ ಈ ಅಧ್ಯಯನದಿಂದಲೇ ಆರಂಭವಾಗಬೇಕಾಗಿದೆ.

ಉಪಚಾರಶಾಸ್ತ್ರದ ಆದ್ಯಪ್ರವರ್ತಕನೆಂದು ಇಲ್ವಲನನ್ನು ಗುರುತಿಸಬಹುದು. ತಮ್ಮ ವಾತಾಪಿಯನ್ನೇ ಮೇಕೆಯಾಗಿಸಿ, ಅಡುಗೆ ಮಾಡಿ, ಬಂದ ಅತಿಥಿಗೆ ಆದರದಿಂದ ಬಡಿಸಿ, ಕೈತೊಳೆದಾದ ಮೇಲೆ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಈಚೆ ಬರುತ್ತಿದ್ದ. ಆ ವಾತಾಪಿಯ ಹೆಸರು ನಮ್ಮ ಬಾದಾಮಿಗೇ ಅಂಟಿಕೊಂಡಿದೆ. ವಿದ್ವಾಂಸರು ಅವನನ್ನು ಅರಗಿಸಿಕೊಂಡ ಅಗಸ್ತ್ಯರ ಜಠರಾಗ್ನಿಯನ್ನು ಕೊಂಡಾಡುತ್ತ ಬಂದಿದ್ದಾರೆ. ಅಗಸ್ತ್ಯರಿಗಿಂತ ಮುಂಚೆ ಉಂಡವರಲ್ಲಿ ಒಬ್ಬರಾದರೂ ‘ಸಾಕು, ಬೇಡ’ ಎಂದಿದ್ದರೇ, ಎಂದಿದ್ದರೆ ಇಲ್ವಲ ಏನಂದ ಎಂಬ ಪ್ರಶ್ನೆ ಇದುವರೆಗೆ ಸಂಶೋಧನೆಗೆ ಒಳಪಟ್ಟಿಲ್ಲ.

ಇನ್ನು ಅಂಗರಚನೆ. ತುಂಬು ಊಟಕ್ಕೆ ಹಿಗ್ಗಿ ಲೀಟರಿನಷ್ಟು ಹಿಡಿಸುವ ಹೊಟ್ಟೆಯ ಮುಕ್ಕಾಲು ಭಾಗವನ್ನೋ ಇನ್ನೂ ತುಸು ಹೆಚ್ಚನ್ನೋ ಸ್ಲೀವ್ ಶಸ್ತ್ರಕ್ರಿಯೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, ಲೋಟ ಕಾಫಿ ಹಿಡಿಸಿದರೆ ಹೆಚ್ಚು. ಬೈಪಾಸ್‌ನಲ್ಲಿ ಇನ್ನೂ ಬಿಗಿ: ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ ಅದನ್ನು ಸಣ್ಣಕರುಳಿಗೆ ಜೋಡಿಸುತ್ತಾರೆ. ಈ ದಾರಿ ತೆರೆದವರು ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ, 1966ರಲ್ಲಿ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ಕೊಜಿಮಾ, ಕಂಗಾವಾ ತಂಡ 1999ರಲ್ಲಿ ಪತ್ತೆ ಮಾಡಿತು; ಅದು ಮುಖ್ಯವಾಗಿ ಉತ್ಪತ್ತಿಯಾಗುವ ಹೊಟ್ಟೆಯ ಮೇಲ್ಭಾಗವೇ ಸ್ಲೀವ್‌ನಲ್ಲಿ ಹೋಗಿಬಿಡುವುದರಿಂದ ಮೊದಮೊದಲು ಹಸಿವೂ ತಣ್ಣಗಾಗುತ್ತದೆ. ಇಷ್ಟೆಲ್ಲ ಕತ್ತರಿಸಿ ಹೊಲಿದ ಮೇಲೂ ಶಸ್ತ್ರವೈದ್ಯರ ಕತ್ತರಿಗೆ ಸಿಗದ ಒಂದು ಅಂಗ ಉಳಿಯುತ್ತದೆ. ಅದು ದೊಡ್ಡಮ್ಮನ ಕೈ.

ಡಿಸ್ಚಾರ್ಜಿನ ದಿನ ಶ.ಉ.ವ್ಯ. ಕೈಗೆ ಒಂದು ಚಾರ್ಟ್ ಬರುತ್ತದೆ. ಮೊದಲು ತಿಳಿನೀರು, ಆಮೇಲೆ ಹಾಲು-ಮಜ್ಜಿಗೆಯಂಥ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಮಾಮೂಲು ಊಟದ ಹತ್ತಿರ ಬರಲು ಹೆಚ್ಚುಕಡಿಮೆ ಎರಡು ತಿಂಗಳು. ಅಲ್ಲಿಂದ ಮುಂದಿನದು ಜೀವಾವಧಿ ಶಿಕ್ಷೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನು, ಅದೂ ತಟ್ಟೆಯಲ್ಲಿ ಮೊದಲು ಅದೇ. ಪ್ರತಿ ತುತ್ತನ್ನು ಇಪ್ಪತ್ತು-ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಕೂಡದು. ಆದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸಿಹಿಗೆ ಕೈಮುಗಿಯಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಬದುಕಿರುವವರೆಗೆ, ಅದರಲ್ಲೂ ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಅಂತರ, ಕಬ್ಬಿಣದ ಹತ್ತಿರ ಕಾಫಿ ಸುಳಿಯಕೂಡದು. ‘ಕಾಫಿ ಆಯ್ತಾ?’ ಎಂಬುದೇ ಕುಶಲಪ್ರಶ್ನೆಯಾಗಿರುವ ಊರಿನಲ್ಲಿ ಇದನ್ನು ಪಾಲಿಸಲು ಪಂಚಾಂಗ ಬೇಕು.

ಚಾರ್ಟಿಗೂ ಎಲೆಗೂ ನಡೆಯುವ ಸಂಘರ್ಷವನ್ನು ವಿದ್ವತ್ ವಲಯ ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ. ಮುದ್ದೆಯನ್ನೇ ನೋಡಿ. ಮೂವತ್ತು ಸಲ ಅಗಿ ಎನ್ನುತ್ತದೆ ಚಾರ್ಟ್. ಮುದ್ದೆಗೆ ಹಲ್ಲು ತಾಗಿಸಿದವನನ್ನು ಮಂಡ್ಯದ ಕಡೆ ನೆಂಟನೆಂದು ಒಪ್ಪುವುದೇ ಕಷ್ಟ. ಮುರಿದು, ಸಾರಿನಲ್ಲಿ ಅದ್ದಿ, ನುಂಗು ಎಂಬುದು ಅಲ್ಲಿನ ಧರ್ಮ. ಊಟದ ಜೊತೆ ದ್ರವ ಬೇಡವೆನ್ನುತ್ತದೆ ಚಾರ್ಟ್. ಸಾರು ದ್ರವವೋ ಘನವೋ ಎಂಬುದನ್ನು ಅನ್ನದ ಗುಡ್ಡೆಯಲ್ಲಿ ತೋಡಿದ ಕೆರೆ ಇನ್ನೂ ತೀರ್ಮಾನಿಸಿಲ್ಲ. ಇನ್ನು ಎಲೆಯ ಭೂಗೋಳ. ಒಣ ಹೆಸರುಬೇಳೆಯ ತೂಕದಲ್ಲಿ ಸುಮಾರು ಕಾಲುಭಾಗ ಪ್ರೊಟೀನು. ಆ ಬೇಳೆಯ ಕೋಸಂಬರಿ ಎಲೆಗೆ ಬರುವುದೇನೋ ಮೊದಮೊದಲೇ, ಚಾರ್ಟ್ ಹೇಳಿದ ಹಾಗೇ. ಆದರೆ ಬರುವುದು ಒಂದೇ ಚಮಚ, ಎಲೆಯ ಮೇಲ್ತುದಿಗೆ, ಕುಂಕುಮ ಇಟ್ಟಷ್ಟು. ಚಿತ್ರಾನ್ನ, ಪೂರಿ, ಬಿಳಿ ಅನ್ನಗಳು ಬರುವಾಗ ಸೌಟಿಗೆ ಉದಾರ ಬುದ್ಧಿ ಬರುತ್ತದೆ.

ಈ ಅಧ್ಯಯನಕ್ಕೆ ಆಯ್ದುಕೊಂಡ ಶ.ಉ.ವ್ಯ. ಒಬ್ಬ ಪ್ರೌಢಶಾಲೆಯ ಗಣಿತದ ಮೇಡಂ. ಶಸ್ತ್ರಕ್ರಿಯೆಯಾಗಿ ಹದಿನಾಲ್ಕು ತಿಂಗಳು. ಅಕ್ಕನ ಮಗಳ ಮದುವೆಯ ಊಟದಲ್ಲಿ ಕೂತು ಅವರು ಮನಸ್ಸಿನಲ್ಲೇ ಎಣಿಸುತ್ತ ಅಗಿಯುತ್ತಿದ್ದಾರೆ. ಹದಿನೇಳು, ಹದಿನೆಂಟು ಎನ್ನುವಾಗ ಹಿಂದೆ ಕುರ್ಚಿ ಹಿಡಿದವರ ಕೆಮ್ಮು ಕೇಳುತ್ತದೆ. ಇಪ್ಪತ್ತೆರಡಕ್ಕೆ ಒಬ್ಬಟ್ಟಿನ ಬುಟ್ಟಿ ಬರುತ್ತದೆ. ಇಲ್ಲಿಂದ ಶುರು ‘ಬಲಾದ್ಭೋಜನಪ್ರಕಾರ’ಗಳು. ಇವು ಏಳು.

ಮೊದಲನೆಯದು ಅಲ್ಪತ್ವವಾದ: “ಒಂದೇ ಒಂದು ಕಣೇ, ಒಂದಕ್ಕೇನಾಗತ್ತೆ?” ಇದರ ಪ್ರತಿಪಾದಕರು ತಲಾ ಒಂದೊಂದನ್ನೇ ಹಾಕಿಸುತ್ತಾರೆ, ಪ್ರತಿಪಾದಕರು ಎಷ್ಟು ಮಂದಿ ಎಂಬುದು ವಾದದ ಚೌಕಟ್ಟಿನ ಹೊರಗಿನ ಸಂಗತಿ. ಎರಡನೆಯದು ಮಾತೃಸ್ಮರಣ ನ್ಯಾಯ: “ನಿಮ್ಮಮ್ಮ ಇದ್ದು ಬಡಿಸಿದ್ರೆ ಬೇಡ ಅಂತಿದ್ಯಾ?” ಇದಕ್ಕೆ ಉತ್ತರವಿಲ್ಲ, ಇರಲೂಬಾರದು. ಮೂರನೆಯದು ಘೃತಮಾರ್ಗ: “ತುಪ್ಪ ಹಾಕ್ಕೋ, ತಾನೇ ಜಾರಿ ಹೋಗತ್ತೆ.” ನಾಲ್ಕನೆಯದು ಪ್ರಸಾದಪಕ್ಷ, ಇದರಲ್ಲಿ ಬೇಡವೆನ್ನಬೇಕಾದದ್ದು ದೇವರಿಗೆ. ಐದು, ಆರು, ಏಳನೆಯವು ಹೆಚ್ಚುಕಡಿಮೆ ಇವೇ. ಬರೆದರೆ ವಿಶ್ವವಿದ್ಯಾಲಯದವರು ಸಂತೋಷಪಟ್ಟಾರು, ಅಷ್ಟೆ. ಬಿಟ್ಟುಬಿಡೋಣ.

ಘೃತಮಾರ್ಗದವರು ಗೊತ್ತಿಲ್ಲದೆಯೇ ದೊಡ್ಡ ಸತ್ಯ ಹೇಳುತ್ತಾರೆ. ಜಾರಿ ಹೋಗುವುದೇ ತೊಂದರೆ. ಕುಗ್ಗಿದ ಹೊಟ್ಟೆಯಲ್ಲಿ ಕಾಳು, ಮೊಟ್ಟೆ, ಕೋಳಿಯ ತುಂಡು ಕೂರುತ್ತವೆ. ನಾಲ್ಕು ತುತ್ತಿಗೆ ಎದೆಯ ಹತ್ತಿರ ಗೋಡೆ ಕಟ್ಟಿದಂತಾಗುತ್ತದೆ. ಐಸ್‌ಕ್ರೀಮು, ಬಾಯಲ್ಲೇ ಪುಡಿಯಾಗುವ ಚಿಪ್ಸು, ಸಕ್ಕರೆ ಹಾಕಿದ ಬಾದಾಮಿ ಹಾಲು ಯಾವ ತಡೆಯೂ ಇಲ್ಲದೆ ಇಳಿಯುತ್ತವೆ. ಹಿತವಾದದ್ದಕ್ಕೆ ಬಾಗಿಲು ಹಾಕಿ ಅಹಿತವಾದದ್ದಕ್ಕೆ ಕೆಂಪುಹಾಸು ಹಾಸುವ ಹೊಟ್ಟೆ ಇದು. ಬೈಪಾಸ್ ಆದವರಲ್ಲಿ ಸಿಹಿ ಇನ್ನೊಂದು ಆಟ ಆಡುತ್ತದೆ. ಸಕ್ಕರೆ ಒಮ್ಮೆಗೇ ಕರುಳಿಗೆ ನುಗ್ಗಿ, ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವರಿ, ಹೊಟ್ಟೆ ಹಿಂಡಿ, ಮಲಗಿಬಿಟ್ಟರೆ ಸಾಕು ಎನಿಸುತ್ತದೆ. ವೈದ್ಯರು ಅದನ್ನು ಡಂಪಿಂಗ್ ಎನ್ನುತ್ತಾರೆ. ಒಬ್ಬಟ್ಟು ಹಾಕಿಸಿದವರು ದೃಷ್ಟಿಯಾಗಿದೆ ಎಂದು ಉಪ್ಪು-ಮೆಣಸಿನಕಾಯಿ ಹುಡುಕಲು ಹೋಗುತ್ತಾರೆ.

ಚಾರ್ಟ್ ಬರೆದವರನ್ನೂ ಸುಮ್ಮನೆ ಬಿಡುವಂತಿಲ್ಲ. ಕ್ವಿನೋವಾ, ಗ್ರೀಕ್ ಯೋಗರ್ಟ್, ಬ್ರೊಕೊಲಿ, ಅವಕಾಡೊ. ಅವಕಾಡೊ ಎಂದರೆ ಕೊಡಗಿನ ಬೆಣ್ಣೆಹಣ್ಣು, ಗ್ರೀಕ್ ಯೋಗರ್ಟ್ ಎಂದರೆ ಹೆಚ್ಚುಕಡಿಮೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಎಂದು ಒಂದು ಗೆರೆ ಬರೆದಿದ್ದರೆ ಆ ಹಾಳೆಯ ಘನತೆಗೆ ಕುಂದು ಬರುತ್ತಿತ್ತೇ? ಹುರುಳಿ, ಮೊಳಕೆ ಹೆಸರುಕಾಳಿನ ಉಸ್ಲಿ, ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಮೊಟ್ಟೆ, ಮೀನು ಎಂದು ಬರೆದಿದ್ದರೆ? ಬರೆದಿರುವುದಿಲ್ಲ. ಅದರ ಬದಲು ‘ಜೀವನಶೈಲಿ ಪರಿವರ್ತನೆ’ ಎಂಬ ಕಾರ್ಯಾಗಾರ ಇರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಪ್ರೊಜೆಕ್ಟರ್ ಹಚ್ಚಿ, ಮೈಂಡ್‌ಫುಲ್ ಈಟಿಂಗ್ ಎಂದರೆ ತುತ್ತಿನೊಂದಿಗೆ ಸಂವಾದಿಸುವುದು ಎಂದು ಅರ್ಧ ದಿನ ಹೇಳಿ, ಕೊನೆಗೆ ಎಲ್ಲವೂ ನಿಮ್ಮ ಇಚ್ಛಾಶಕ್ತಿಯಲ್ಲಿದೆ ಎಂದು ಮುಗಿಸುತ್ತಾರೆ. ಊಟದ ವಿರಾಮದಲ್ಲಿ ಸಮೋಸ, ಜಾಮೂನು.

ಇಚ್ಛಾಶಕ್ತಿ. ಈ ಒಂದು ಪದದ ಮುಂದೆ ಅಣಕದ ಧಾಟಿ ಹಿಡಿದುಕೊಂಡಿರುವುದು ಕಷ್ಟ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದಿತರಾದ ಎಂಟು ಬಗೆಯ ಶರೀರಗಳನ್ನು ಹೇಳುವ ಅಧ್ಯಾಯವಿದೆ: ತೀರ ಉದ್ದ, ತೀರ ಗಿಡ್ಡ, ಮೈತುಂಬ ರೋಮ, ರೋಮವೇ ಇಲ್ಲದ್ದು, ತೀರ ಕಪ್ಪು, ತೀರ ಬಿಳಿ, ತೀರ ದಪ್ಪ, ತೀರ ಸಣ್ಣ. ಚರಕ ಅಲ್ಲಿ ನಿಂದನೆಯಲ್ಲಿ ನಿಲ್ಲದೆ ದಪ್ಪಗಿನವರು ಬೇಗ ಹಸಿಯುವುದೇಕೆ ಎಂದು ಕಾರಣ ಹುಡುಕಿದ, ಹೆಸರು, ಹುರುಳಿಯಂಥ ಪಥ್ಯವನ್ನೂ ಹೇಳಿದ. ಎರಡು ಸಾವಿರ ವರ್ಷದ ಈಚೆಗೆ ಕಾರಣ ಹುಡುಕುವುದನ್ನು ಬಿಟ್ಟು ನಿಂದನೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ಆ ಮೇಡಂಗೆ ಎಂಟನೇ ಕ್ಲಾಸಿನಿಂದ ‘ಡ್ರಮ್’ ಎಂದೇ ಹೆಸರಿತ್ತು. ಬಸ್ಸಿನಲ್ಲಿ ಎರಡು ಟಿಕೆಟ್ ತಗೋ ಎಂದವರಿದ್ದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ, ಕೇಸರಿಬಾತು ಮುಗಿಸಿ, “ಸ್ವಲ್ಪ ಇಳಿಸ್ಕೊಂಡ್ರೆ ಆಮೇಲೆ ನೋಡೋಣ” ಎಂದು ಹೋಗಿದ್ದರು. ಅರವತ್ತು ಕಿಲೋಮೀಟರು ದೂರದಿಂದ ಬಂದ ಯಾವ ಮಾವನೂ ವಾಕಿಂಗ್ ಮಾಡು ಎನ್ನದೆ ವಾಪಸು ಹೋದದ್ದಿಲ್ಲ. ಕೊನೆಗೆ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲ ಸೇರಿ ಹೊಟ್ಟೆಯನ್ನೇ ಕತ್ತರಿಸಿಕೊಂಡರೆ, “ಶಾರ್ಟ್‌ಕಟ್ ತಗೊಂಡ್ಬಿಟ್ಟಳು.” ಇಳಿದ ಮೇಲೆ, “ಮುಖದ ಕಳೆಯೇ ಹೋಯ್ತು.” ಮೂರರಿಂದ ಆರನೇ ತಿಂಗಳಲ್ಲಿ, ಈ ಶಸ್ತ್ರಕ್ರಿಯೆಯಾದ ಬಹಳ ಮಂದಿಗೆ ಆಗುವಂತೆ, ಕೂದಲು ಉದುರಿದರೆ, “ನೋಡಿದ್ಯಾ?”

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದಿದೆ. 2007ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷಕ್ಕೆ ಅದು ಶೇ. 25ಕ್ಕೆ ಬಂದು ನಿಂತಿತು. ಅಂದರೆ ಸ್ವಲ್ಪ ಮರಳಿ ಬರುವುದು ಈ ದಾರಿಯ ಮಾಮೂಲು ತಿರುವು. ಶಸ್ತ್ರಕ್ರಿಯೆಯಾದವರಲ್ಲಿ ಸಾವು ಕಡಿಮೆ ಎಂದೂ ಅದೇ ಅಧ್ಯಯನ ತೋರಿಸಿತು. ಮೊದಲ ವರ್ಷ-ಒಂದೂವರೆ ವರ್ಷಕ್ಕೆ ವೈದ್ಯರು ಹನಿಮೂನ್ ಎನ್ನುತ್ತಾರೆ. ಆಮೇಲೆ ಹಸಿವು ಮೆಲ್ಲಗೆ ಮರಳುತ್ತದೆ, ಕೊಳವೆ ತುಸು ಸಡಿಲವಾಗುತ್ತದೆ, ದೇಹ ಹಳೆಯ ತೂಕವನ್ನು ಹುಡುಕಿಕೊಂಡು ಹೊರಡುತ್ತದೆ. ಸರಿಯಾಗಿ ಆ ಹೊತ್ತಿಗೇ ನೆಂಟರೂ ಮರಳುತ್ತಾರೆ: “ಈಗ ಒಂದೂವರೆ ವರ್ಷ ಆಯ್ತಲ್ಲ, ಇನ್ನೂ ಎಂಥ ಪಥ್ಯ?” ಮೂರು ಕಿಲೋ ಏರಿದರೆ ಅದೇ ಬಾಯಿ, “ಅಷ್ಟು ಲಕ್ಷ ಸುರಿದು ಏನು ಬಂತು?”

ಇದರಲ್ಲಿ ಹೆಂಗಸರ ಪಾಡು ಇನ್ನೊಂದು ಅಧ್ಯಾಯವಾಗಬೇಕಿತ್ತು. ಶ.ಉ.ವ್ಯ. ಎಂದು ಕರೆಯುವುದನ್ನು ಇಲ್ಲಿಗೆ ನಿಲ್ಲಿಸುವುದು ವಾಸಿ, ನಾಲಗೆಗೇ ಕಹಿ. ಮೇಡಂ ಮನೆಯಲ್ಲಿ ಐದು ಜನಕ್ಕೆ ಅಡುಗೆ ಮಾಡಿ, ಘಮಕ್ಕೆ ಮುಖ ಕೊಟ್ಟು ನಿಂತು, ತನಗೆಂದು ಒಂದು ಬಟ್ಟಲು ಕಾಳು ಬೇಯಿಸಿಕೊಳ್ಳುವ ಹೊತ್ತಿಗೆ ಗ್ಯಾಸ್ ದುಬಾರಿ ಎಂಬ ಮಾತು ಕೇಳುತ್ತಾರೆ. ಮಗ ಬಿಟ್ಟ ಅರ್ಧ ದೋಸೆ ಕಸಕ್ಕೆ ಹಾಕಲು ಅವರಿಗೆ ಕೈ ಬರುವುದಿಲ್ಲ. ಮೂವತ್ತು ವರ್ಷ ಅದು ಹೋಗಿದ್ದು ಅವರ ಹೊಟ್ಟೆಗೇ. ಕಡಿಮೆ ತಿನ್ನು ಎಂದ ಯಾರೂ ಉಳಿದ ದೋಸೆಗೆ ಬೇರೆ ದಾರಿ ಹೇಳಿಕೊಡಲಿಲ್ಲ. ತಿನ್ನುವುದು ಬರೀ ಬಾಯಿಚಪಲವಾಗಿರಲೂ ಇಲ್ಲ. ಸಂಜೆ ಶಾಲೆಯಿಂದ ಬಂದು ಒಬ್ಬರೇ ಕೂತು ತಿಂದ ನಿಪ್ಪಟ್ಟು ಆ ದಿನದಲ್ಲಿ ಅವರನ್ನು ಏನೂ ಕೇಳದ, ಏನೂ ಅನ್ನದ ಏಕೈಕ ಜೊತೆಯಾಗಿತ್ತು. ಆ ಜೊತೆಯನ್ನು ಕಳೆದುಕೊಂಡದ್ದಕ್ಕೆ ಚಾರ್ಟಿನಲ್ಲಿ ಬದಲಿ ಪದಾರ್ಥ ಬರೆದಿಲ್ಲ. ಹಿಂದೊಂದು ಮದುವೆಮನೆಯಲ್ಲಿ ದಾಕ್ಷಿಣ್ಯಕ್ಕೆ ತಿಂದ ಮೂರನೇ ತುತ್ತು ಎದೆಯಲ್ಲಿ ಸಿಕ್ಕಿ, ಕೈತೊಳೆಯುವ ಜಾಗದ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಸೆರಗಿನಲ್ಲಿ ಬಾಯಿ ಒರೆಸಿ, ನಗುತ್ತ ಬಂದು ಫೋಟೋಕ್ಕೆ ನಿಂತದ್ದು ಆಲ್ಬಮ್ಮಿನಲ್ಲಿ ಚೆನ್ನಾಗಿ ಬಂದಿದೆ.

ಉಪಸಂಹಾರಕ್ಕೆ ಮುನ್ನ ಮತ್ತೆ ಕ್ಷೇತ್ರಕಾರ್ಯಕ್ಕೆ ಬರುವುದಾದರೆ, ಅಕ್ಕನ ಮಗಳ ಮದುವೆಯ ಆ ಪಂಕ್ತಿ ಇನ್ನೂ ಎದ್ದಿಲ್ಲ. ಮೇಡಂ ಎಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದಿದ್ದಾರೆ. ಬೆರಳ ಸಂದಿಯಲ್ಲೇ ತುಪ್ಪ ಸುರಿದಾಗಿದೆ. ಚಿತ್ರಾನ್ನ ಮುಟ್ಟಿಲ್ಲ, ಪಾಯಸ ದೊನ್ನೆಯಲ್ಲೇ ಇದೆ, ಎಲೆಯ ತುದಿಯ ಕೋಸಂಬರಿ ಮಾತ್ರ ಖಾಲಿ. ಬಡಿಸುವ ಹುಡುಗ ಹತ್ತಿರ ಬಂದಾಗ ಅವರು ಸಂಕೋಚಪಡುತ್ತ, ಇಡೀ ಊಟದಲ್ಲಿ ಮೊದಲ ಸಲ, ತಾವಾಗಿ ಕೇಳಿದರು: “ಇನ್ನೊಂದು ಚೂರು ಕೋಸಂಬರಿ ಸಿಗತ್ತೇನಪ್ಪಾ?”

“ಕೋಸಂಬರಿ ಆಗೋಯ್ತು ಅಮ್ಮಾ,” ಎಂದ ಹುಡುಗ. “ಒಬ್ಬಟ್ಟು ಹಾಕ್ಲಾ?”