ಕೂಗಿದ್ದು ಸಾಕು, ಸ್ವಲ್ಪ ಕೇಳಿಸ್ಕೊಳ್ರೀ!

ಫೋನಲ್ಲಿ ಆ ಕಡೆಯವರ ಮಾತು ಸರಿಯಾಗಿ ಕೇಳಿಸದೇ ಇದ್ರೆ ನೀವೇನ್ ಮಾಡ್ತೀರಿ? ನಿಜ ಹೇಳಿ. ದನಿ ಏರಿಸ್ತೀರಿ ತಾನೇ? ಕೇಳಿಸದೇ ಇರೋದು ನಿಮಗೆ, ಕಿರುಚೋರೂ ನೀವೇ! (ಬಸ್ಸಲ್ಲಿ ಪಕ್ಕದ ಸೀಟಿನವರು ತಿರುಗಿ ನೋಡಿದ್ರೆ ಅವರನ್ನೇ ದುರುಗುಟ್ಟಿ ನೋಡ್ತೀರಿ.) ಇಂಥ ನಿಮ್ಮ ಕೈಗೆ ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಕೊಟ್ರೆ ಏನಾಗ್ಬೇಕು? ಕೊಟ್ಬಿಟ್ಟಿದ್ದಾರೆ ಕಣ್ರೀ. ಅದೇ ಕಥೆ ಇದು.

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬೂವೆ ಅಂತ ಒಂದು ದ್ವೀಪ, ನಾರ್ವೆಗೆ ಸೇರಿದ್ದು. ನರಪಿಳ್ಳೆ ವಾಸ ಇಲ್ಲ. ಇರೋದೆಲ್ಲ ಹಿಮ, ಬಂಡೆ, ಪೆಂಗ್ವಿನ್, ಸೀಲ್. ಯಾರೂ ಇಲ್ಲ ಅನ್ನೋ ಕಾರಣಕ್ಕೇ ಪ್ರಪಂಚದ ಹ್ಯಾಮ್‌ಗಳಿಗೆಲ್ಲ ಅಲ್ಲಿಂದಲೇ ಒಂದು ಕಾಂಟ್ಯಾಕ್ಟ್ ಬೇಕು! (ನಗಬೇಡಿ, ಫ್ಯಾನ್ಸಿ ನಂಬರ್ ಪ್ಲೇಟಿಗೆ ದುಡ್ಡು ಸುರಿದೋರು ನೀವು.) ಅದಕ್ಕೆ ಒಂದಷ್ಟು ಜನ ರೇಡಿಯೋ, ಟೆಂಟು, ಜನರೇಟರ್ ಎಲ್ಲಾ ಹೊತ್ಕೊಂಡು ಹೋಗ್ತಾರೆ. ಡಿಎಕ್ಸ್‌ಪೆಡಿಷನ್ ಅಂತಾರೆ ಇದನ್ನ.

ಹೋಗೋದೇನು ಸುಲಭವೇ? 2018ರಲ್ಲಿ ಒಂದು ತಂಡ ಹಡಗು, ಹೆಲಿಕಾಪ್ಟರ್ ಸಮೇತ ದ್ವೀಪದ ಬಾಗಿಲಿಗೇ ಹೋಗಿತ್ತು. ಮೋಡ ಸರೀಲಿಲ್ಲ, ಗಾಳಿ ನಿಲ್ಲಲಿಲ್ಲ, ಸಾಲದ್ದಕ್ಕೆ ಹಡಗಿನ ಇಂಜಿನ್ನೂ ಕೈಕೊಡ್ತು. ಒಂದು ಕಾಲೂ ಊರದೇ ವಾಪಸ್! 2023ರಲ್ಲಿ ಹೋದೋರು ರಬ್ಬರ್ ದೋಣಿ ಇಳಿದು, ಕೊರೆಯೋ ನೀರಲ್ಲಿ ಈಜಿ ದಡ ಮುಟ್ಟಿದ್ರು. ಸಾಮಾನನ್ನ ಹಗ್ಗ ಕಟ್ಟಿ ಎಳೆದುಕೊಂಡ್ರು. ತಂದದ್ರಲ್ಲಿ ದೊಡ್ಡ ಪಾಲು ಹಡಗಿನಿಂದ ಇಳೀಲೇ ಇಲ್ಲ.

ಇಷ್ಟೆಲ್ಲ ಆದ್ಮೇಲೆ ನೀವು ಮನೇಲಿ ಕೂತು ಏನ್ ಕೇಳ್ತೀರಿ? '160 ಮೀಟರ್ ಬ್ಯಾಂಡ್‌ನಲ್ಲಿ ಯಾಕ್ರೀ ಬರ್ತಿಲ್ಲ?' ಅಂತ! ಸ್ವಾಮಿ, ಆ ಬ್ಯಾಂಡಿನ ಅಲೆ ಒಂದೊಂದೂ 160 ಮೀಟರ್ ಉದ್ದ. ಅದರ ಕಾಲು ಭಾಗದ ಕಂಬ ನಿಲ್ಲಿಸ್ತೀವಿ ಅಂದ್ರೂ 40 ಮೀಟರ್ ಆಯ್ತು, ಹದಿಮೂರು ಅಂತಸ್ತಿನ ಅಪಾರ್ಟ್‌ಮೆಂಟ್ ಎತ್ತರ. ಹಿಮದಲ್ಲಿ ಗೂಟ ನಿಲ್ಲಲ್ಲ, ಬಂಡೇಲಿ ಗೂಟ ಇಳಿಯಲ್ಲ. ಬೀಸೋ ಗಾಳಿಗೆ ಟೆಂಟೇ ಹಾರದೇ ಇದ್ರೆ ಪುಣ್ಯ. ಅದಕ್ಕೇ ಗಿಡ್ಡ ಫೈಬರ್ ಕೋಲು ನಿಲ್ಲಿಸಿ, ಮಿಕ್ಕ ತಂತೀನ ತುದಿಯಿಂದ ಅಡ್ಡಕ್ಕೆ ಎಳೆದು ಸಮಾಧಾನ ಪಟ್ಕೋತಾರೆ. ಉಪ್ಪುನೀರು ಪಕ್ಕದಲ್ಲೇ ಇರೋದೊಂದು ಅನುಕೂಲ. ಸಮುದ್ರದ ದಡದಲ್ಲಿ ನಿಂತ ಆಂಟೆನಾ ಬಲು ದೂರ ಒಯ್ಯುತ್ತೆ.

ಆದ್ರೆ ಅದು ಕಳಿಸೋಕಾಯ್ತು. ಕೇಳೋಕೆ? ಕಳಿಸೋ ಆಂಟೆನಾಕ್ಕೆ ಸಿಡಿಲಿನ ಚಟಪಟ, ಜನರೇಟರಿನ ಗುಂಯ್ ಎಲ್ಲಾ ಸೇರಿ ತುಂಬ್ಕೊಳ್ಳುತ್ತೆ. ಕೇಳೋಕೆ ಅಂತಲೇ ಬೆವರೇಜ್ ಆಂಟೆನಾ ಇದೆ. (ಕುಡಿಯೋದಲ್ಲ! ಹೆರಾಲ್ಡ್ ಬೆವರೇಜ್ ಅನ್ನೋ ಇಂಜಿನಿಯರ್ ಹೆಸರು.) ನೆಲದಿಂದ ಆಳೆತ್ತರದಲ್ಲಿ ಇನ್ನೂರು ಮುನ್ನೂರು ಮೀಟರ್ ತಂತಿ ನೇರಕ್ಕೆ ಎಳೀಬೇಕು. ಬೂವೇಲಿ ಎಲ್ಲಿ ಎಳೀತೀರಿ? ಹಿಂದೆ ಹಿಮನದಿ, ಮುಂದೆ ಸಮುದ್ರ. ಮೇಲಾಗಿ ಇಡೀ ದ್ವೀಪ ಸಂರಕ್ಷಿತ ಪ್ರದೇಶ, ಎಲ್ಲಂದರಲ್ಲಿ ಕಾಲಿಡೋ ಹಾಗೂ ಇಲ್ಲ.

ಸರಿ, ಈಗ ನಿಮ್ಮ ಕಡೆ ಬರೋಣ. ಹಗಲು ಹೊತ್ತು ಆಕಾಶದಲ್ಲಿರೋ ಡಿ ಪದರ ಈ ಅಲೆಗಳನ್ನ ಕುಡಿದುಬಿಡುತ್ತೆ. ಹಾಗಾಗಿ ಅಲ್ಲೂ ಕತ್ತಲಿರಬೇಕು, ಇಲ್ಲೂ ಕತ್ತಲಿರಬೇಕು. ಫೆಬ್ರವರೀಲಿ ಬೂವೇಲಿ ಸೂರ್ಯ ಮುಳುಗೋ ಹೊತ್ತಿಗೆ ನಮ್ಮಲ್ಲಿ ರಾತ್ರಿ ಒಂದು ಗಂಟೆ. ಆಗ ಏಳ್ತೀರಿ ನೀವು. ರೇಡಿಯೋ ಹಚ್ಚಿದ್ರೆ ಬರೀ ಗೊರ್‍ರ್. ಎಲ್‌ಇಡಿ ಬಲ್ಬ್, ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಎಲ್ಲದರ ಭಜನೆ. ಬೆಕ್ಕಿನ ಹೆಜ್ಜೆ ಇಟ್ಕೊಂಡು ಹೋಗಿ ಮೇನ್ ಸ್ವಿಚ್ಚೇ ಆಫ್ ಮಾಡಿ, ಕಾರಿನ ಬ್ಯಾಟರಿಗೆ ರೇಡಿಯೋ ಸಿಗಿಸ್ತೀರಿ.

'ರೀ, ಕರೆಂಟ್ ಹೋಯ್ತಾ?'

'ಇಲ್ವೇ, ನಾನೇ ತೆಗ್ದೆ. ಬೂವೆ ಬರೋ ಹೊತ್ತು.'

'ಯಾವ ಭಾವ ಬರ್ತಾರ್ರೀ ಈ ಹೊತ್ನಲ್ಲಿ? ಫ್ರಿಜ್ಜಲ್ಲಿ ದೋಸೆ ಹಿಟ್ಟಿದೆ ಕಣ್ರೀ!'

ಹಿಟ್ಟು ಉಬ್ಬಲಿ ಬಿಡಿ. ಅಷ್ಟರಲ್ಲಿ ದೂರದಿಂದ ಸಣ್ಣಗೆ ಮೋರ್ಸ್ ಕೇಳಿಸ್ತಾ ಇದೆ. ಬೂವೇಲಿ ಕೂತು ಕೀ ಒತ್ತೋ ಆಪರೇಟರ್ ಅದು. ನೂರಾರು ಜನ ಒಟ್ಟಿಗೆ ಅವನ ಮೇಲೆ ಬೀಳೋದಕ್ಕೆ ಪೈಲ್‌ಅಪ್ ಅಂತ ಹೆಸರು. ಮದುವೆ ಮನೇಲಿ ಉಣ್ತಿರೋರ ಕುರ್ಚಿ ಹಿಂದೆ ಹೋಗಿ ನಿಂತ್ಕೋತೀರಲ್ಲ, ಪಾಯಸ ಮುಗಿಯೋ ಮುಂಚೆ? ಅದೇ. ಅವನು ಪಾಪ 'ನನ್ನ ಫ್ರೀಕ್ವೆನ್ಸಿ ಬಿಟ್ಟು ಸ್ವಲ್ಪ ಮೇಲೆ ಕರೀರಿ' ಅಂತಾನೆ. ನೀವು ಅವನ ನೆತ್ತಿ ಮೇಲೇ ಕರೀತೀರಿ. ಆಗ ಒಂದಷ್ಟು ಸ್ವಯಂಘೋಷಿತ ಪೊಲೀಸರು ಎದ್ದು 'ಅಪ್! ಅಪ್!' ಅಂತ ಗದರ್ತಾರೆ. ಎಲ್ಲಿ? ಅವನ ನೆತ್ತಿ ಮೇಲೇ.

'ಕರೆಗುರುತಿನ (ಕಾಲ್‌ಸೈನ್) ಕೊನೇಲಿ ಕೆಕೆ ಇರೋರು ಬನ್ನಿ' ಅಂತಾನೆ. ನಿಮ್ಮ ಕರೆಗುರುತಲ್ಲಿ ಕೆ ಅನ್ನೋ ಅಕ್ಷರವೇ ಇಲ್ಲ. ಆದ್ರೂ ಕೀ ಒತ್ತೇ ಒತ್ತುತ್ತೀರಿ! ('ಒಂದ್ ಟ್ರೈ ಮಾಡೋಣ' ಅಂತ. ಗೊತ್ತು ಬಿಡಿ.) ಇನ್ನು ಕೆಲವರಿಗೆ ಅವನು ಕೇಳಿಸ್ತಾನೇ ಇಲ್ಲ, ಆದ್ರೂ ಕಿಲೋವ್ಯಾಟ್ ಹಚ್ಚಿ ಕರೀತಾನೇ ಇರ್ತಾರೆ. ಹ್ಯಾಮ್‌ಗಳಲ್ಲಿ ಅಂಥೋರಿಗೆ ಆಲಿಗೇಟರ್ ಅಂತ ಬಿರುದು. ಬಾಯಿ ಅಷ್ಟಗಲ, ಕಿವಿ ಇಷ್ಟೇ ಇಷ್ಟು.

ಕೊನೆಗೆ ಅವನಿಗೆ ನಿಮ್ಮ ಗುರುತು ಸಿಗ್ತು ಅಂತಿಟ್ಕೊಳ್ಳಿ. ಮೂರು ಸಲ ಅಕ್ಷರ ತಿದ್ದಿಸ್ಕೊಂಡು, ಕೊನೆಗೆ '599' ಅಂತ ರಿಪೋರ್ಟ್ ಕೊಡ್ತಾನೆ. ಅಂದ್ರೆ ನೀವು ಅತ್ಯಂತ ಸ್ಪಷ್ಟ, ಅತ್ಯಂತ ಜೋರು ಅಂತ ಅರ್ಥ! ಅರ್ಧಂಬರ್ಧ ಕೇಳಿಸ್ಕೊಂಡಿದ್ದ ನೀವೂ ಏನೂ ಆಗದೋರ ಥರ '599' ಅಂದ್ರಿ. ಇಬ್ಬರೂ ಸುಳ್ಳು, ಇಬ್ಬರಿಗೂ ಸಂತೋಷ.

ಅವರ ಲಾಗ್ ಪುಸ್ತಕದಲ್ಲಿ ಹೆಸರು ಬಂತೋ ಇಲ್ವೋ ಅಂತ ನಾಳೆ ರಾತ್ರಿ ಇನ್ನೊಂದ್ಸಲ ಕರೀತೀರಿ ತಾನೇ? (ಇನ್ಶೂರೆನ್ಸ್ ಕಾಂಟ್ಯಾಕ್ಟ್ ಅಂತೆ! ಅಷ್ಟರಲ್ಲಿ ಇನ್ಯಾರೋ ಒಬ್ಬರ ಸರದಿ ಹೋಯ್ತು.) ಸಿಕ್ತಲ್ಲ, ಮೇನ್ ಸ್ವಿಚ್ ಹಾಕಿ ಮಲಗಿ ಇನ್ನು. ಏನು? 80 ಮೀಟರ್‌ನಲ್ಲೂ ಬೇಕೇ?